ಎರಡನೇ ಗೇರು ಸಿಗದ ವ್ಯಾನು

ನಮ್ಮ ಹೊಲಿಗೆ ಶೆಡ್ಡಿಗೆ ದಿನಾ ಒಂಬತ್ತು ಜನ ಹೆಂಗಸರನ್ನು ಕರೆದುಕೊಂಡು ಹೋಗುವ ವ್ಯಾನು ಒಂದಿದೆ. ಅದನ್ನು ಓಡಿಸುವವಳನ್ನು ನಾವೆಲ್ಲ ಅಕ್ಕ ಅಂತಲೇ ಕರೆಯುವುದು. ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಹದಿನೈದು ವರ್ಷ ಅದೇ ಶೆಡ್ಡಿನಲ್ಲಿ ನನ್ನ ಪಕ್ಕದ ಮೆಷಿನ್ನಿನಲ್ಲಿ ಕೂತು ಅಂಗಿಯ ತೋಳು ಹೊಲಿದಳು. ನಾನು ಕಾಲರ್ ಹೊಲಿಯುವವಳು. ಮನೆಯೂ ಅಕ್ಕಪಕ್ಕ, ನಡುವೆ ಒಂದೇ ಗೋಡೆ. ಆದ್ದರಿಂದ ಈಗ ನಾನು ಹೇಳುವುದರಲ್ಲಿ ಮುಕ್ಕಾಲು ಕಣ್ಣಾರೆ ಕಂಡದ್ದು, ಕಾಲು ಭಾಗ ಅವಳ ಬಾಯಿಂದ ಕೇಳಿದ್ದು.

ವ್ಯಾನು ಮೊದಲು ಅವಳ ಗಂಡನ ಕೈಯಲ್ಲಿತ್ತು. ಅವರನ್ನು ನಾನು ಭಾವ ಅನ್ನುತ್ತೇನೆ. ಹದಿನೆಂಟು ವರ್ಷ ನಮ್ಮನ್ನು ಶೆಡ್ಡಿಗೆ ಮುಟ್ಟಿಸಿದ್ದು ಅವರೇ. ಮಾತು ಕಮ್ಮಿ, ಸಿಟ್ಟು ಜಾಸ್ತಿ, ಆದರೆ ಗಾಡಿ ಓಡಿಸಿದರೆ ತೊಟ್ಟಿಲು ತೂಗಿದ ಹಾಗೆ. ಹಿಂದಿನ ಸೀಟಿನಲ್ಲಿ ಹೂ ಕಟ್ಟುತ್ತಾ ಕೂತವಳ ಕೈಯಿಂದ ಒಂದು ಹೂವೂ ಕೆಳಗೆ ಬೀಳುತ್ತಿರಲಿಲ್ಲ. ಒಂದು ದಿನ ಬೆಳಿಗ್ಗೆ ಮುಖ ತೊಳೆಯುತ್ತಿದ್ದವರ ಎಡಗೈಯಿಂದ ಚೊಂಬು ಜಾರಿ ಬಿತ್ತು. ಎತ್ತಿಕೊಳ್ಳೋಣ ಅಂದರೆ ಕೈ ಮಾತು ಕೇಳಲಿಲ್ಲ. ಲಕ್ವ. ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಕಾಲು ಹೆಚ್ಚುಕಮ್ಮಿ ಸರಿಹೋಗಿತ್ತು, ಮಾತು ನಿಧಾನವಾಗಿತ್ತು, ಎಡಗೈ ಮಾತ್ರ ಮಡಿಲಲ್ಲಿ ನಿದ್ದೆಹೋದ ಬೆಕ್ಕಿನ ಹಾಗೆ ಸುಮ್ಮನೆ ಬಿದ್ದಿರುತ್ತಿತ್ತು. ಗೇರು ಹಾಕುವುದು ಆ ಕೈಯಿಂದಲೇ.

ಎರಡು ತಿಂಗಳು ವ್ಯಾನು ಮನೆ ಮುಂದೆ ಧೂಳು ತಿನ್ನುತ್ತಾ ನಿಂತಿತ್ತು. ಆಮೇಲೊಂದು ದಿನ ಅಕ್ಕ ಶೆಡ್ಡಿನಲ್ಲಿ ಊಟದ ಡಬ್ಬಿ ಮುಚ್ಚುತ್ತಾ ನನಗೆ ಹೇಳಿದಳು, "ನಾನೇ ಓಡ್ಸೋಣ ಅಂತಿದೀನಿ ಕಣೆ."

"ಏನನ್ನ?"

"ವ್ಯಾನ್ನ. ಮತ್ತೇನು, ಏರೋಪ್ಲೇನ್ನಾ?"

ನಲವತ್ತೈದರ ಹೊಸ್ತಿಲಲ್ಲಿ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಅಲ್ಲಿನ ಹೊಸ ಪುಟ್ಟ ಕಾರಿನಲ್ಲಿ ಕಲಿತಳು, ಮೊದಲ ಸಲಕ್ಕೇ ಪರೀಕ್ಷೆ ಪಾಸು ಮಾಡಿದಳು. ಅವಳ ಜೊತೆ ಪರೀಕ್ಷೆಗೆ ಬಂದ ಕಾಲೇಜು ಹುಡುಗರಿಬ್ಬರು ಫೇಲು. ನಾವೆಲ್ಲ ಸೇರಿ ಕೇಕು ಕತ್ತರಿಸಿದೆವು. ಆದರೆ ನಗು ಉಳಿದದ್ದು ಅವಳು ವ್ಯಾನು ಹತ್ತುವವರೆಗೆ ಮಾತ್ರ.

ಆ ವ್ಯಾನಿನ ಗೇರಿನ ಲಿವರ್ ಇತ್ತಲ್ಲ, ಅದನ್ನು ಹಿಡಿದರೆ ಗಂಜಿ ಪಾತ್ರೆಯಲ್ಲಿ ಸೌಟು ಆಡಿಸಿದ ಹಾಗೆ. ಎತ್ತ ತಳ್ಳಿದರೂ ಹೋಗುತ್ತಿತ್ತು, ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಗೇರಿನಲ್ಲಿದೆಯೋ ನ್ಯೂಟ್ರಲ್ಲಿನಲ್ಲಿದೆಯೋ ನೋಡಿ ತಿಳಿಯುವ ಹಾಗಿಲ್ಲ, ಅಲ್ಲಾಡಿಸಿ ತಿಳಿಯುವ ಹಾಗಿಲ್ಲ. ಮೊದಲನೆಯದಕ್ಕೆ ಹೇಗೋ ಬೀಳುತ್ತಿತ್ತು. ಎರಡನೆಯದಕ್ಕೆ ಎಳೆದರೆ ಒಮ್ಮೆ ಎರಡು, ಒಮ್ಮೆ ನಾಲ್ಕು, ಒಮ್ಮೆ ಏನೂ ಇಲ್ಲ. ಬರೀ ಕರ್‌ರ್ ಅಂತ ಹಲ್ಲು ಕಡಿಯುವ ಸದ್ದು.

ಆ ಸದ್ದು ಭಾವನ ಎದೆಗೆ ನಾಟುತ್ತಿತ್ತು. ಬೆಳಿಗ್ಗೆ ನಾವು ಹೊರಡುವಾಗ ಬಾಗಿಲ ಬಳಿ ಸ್ಟೂಲ್ ಹಾಕಿಕೊಂಡು ಕೂತಿರುತ್ತಿದ್ದರು. ಕರ್‌ರ್ ಅಂದದ್ದೇ ತಡ, ಅಲ್ಲಿಂದಲೇ ಕೂಗು: "ಕ್ಲಚ್ಚು! ಪೂರ್ತಿ... ಪೂರ್ತಿ ಒತ್ತು!"

ಸಂಜೆ ಗೋಡೆಯಾಚೆಯಿಂದ ನನಗೆ ಕೇಳಿಸುತ್ತಿತ್ತು.

"ಹದಿನೆಂಟು ವರ್ಷ ನಾನು ಓಡಿಸಿದೆ. ಒಂದು ದಿನ ಹಲ್ಲು ಕಡೀಲಿಲ್ಲ ಅದು."

"ನೀವು ಹೇಳಿದ ಹಾಗೇ ಮಾಡ್ತಿದೀನಲ್ಲ ರೀ."

"ಹಾಗೇ ಮಾಡಿದ್ರೆ ಯಾಕೆ ಬೀಳಲ್ಲ? ಸ್ವಲ್ಪ ಒತ್ತಿ, ಆಚೆ ತಳ್ಳಿ, ಮಣಿಕಟ್ಟು ಹೀಗೆ ತಿರುವಿ, ಆಮೇಲೆ ಎಳೀಬೇಕು."

"ಡ್ರೈವಿಂಗ್ ಸ್ಕೂಲಲ್ಲಿ ಮಣಿಕಟ್ಟು ತಿರುವು ಅಂತ ಯಾರೂ ಹೇಳ್ಲಿಲ್ಲ."

"ಅವರಿಗೇನು ಗೊತ್ತು!"

ಒಂದು ಸಲ ಅವಳು ಮೆಲ್ಲಗೆ, "ಗಾಡಿಯಲ್ಲೇ ಏನೋ ಇದೆ ಅನ್ಸತ್ತೆ" ಅಂದಳು. ಭಾವ ಪಟಕ್ಕನೆ, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಅಂದುಬಿಟ್ಟರು. ಲಕ್ವ ಹೊಡೆದ ಮೇಲೆ ಅಷ್ಟು ಉದ್ದದ ಮಾತು ಅವರ ಬಾಯಿಂದ ತಡೆಯಿಲ್ಲದೆ ಬಂದದ್ದು ಅದೇ ಮೊದಲು. ಅಕ್ಕನಿಗೆ ಖುಷಿಪಡಬೇಕೋ ಅಳಬೇಕೋ ತಿಳಿಯಲಿಲ್ಲವಂತೆ.

ಇನ್ನು ನಾವೂ ಏನು ಕಮ್ಮಿ ಇರಲಿಲ್ಲ. ನಮ್ಮಲ್ಲಿ ಗುಂಡಿ ಅಂತ ಒಬ್ಬಳಿದ್ದಾಳೆ. ಅಂಗಿಗೆ ಗುಂಡಿ ಹಾಕುವ ಮೆಷಿನ್ನು ಅವಳದು, ಆಕಾರವೂ ಹಾಗೇ ಇರುವುದರಿಂದ ಆ ಹೆಸರು ಅವಳಿಗೇ ಇಷ್ಟ. ಅವಳು ಹಿಂದಿನ ಸೀಟಿನಿಂದ, "ಅಕ್ಕಾ, ನಿನ್ನ ಗೇರು ನಮ್ಮತ್ತೆ ಮನಸ್ಸಿನ ಹಾಗಿದೆ. ಯಾವಾಗ ಎಲ್ಲಿಗೆ ಬೀಳತ್ತೋ ದೇವರಿಗೂ ಗೊತ್ತಿಲ್ಲ" ಅನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದೆವು. ಅಕ್ಕನೂ ನಗುತ್ತಿದ್ದಳು, ಆದರೆ ಮುಂದಿನ ಸೀಟಿನಲ್ಲಿ ಕೂರುವ ನನಗೆ ಅವಳ ಕೈ ಕಾಣುತ್ತಿತ್ತು. ಲಿವರಿನ ಗುಬಟು ಬೆವರಿನಿಂದ ಒದ್ದೆಯಾಗಿರುತ್ತಿತ್ತು.

ಆರು ತಿಂಗಳು ಹೀಗೇ ನಡೆಯಿತು. ತಪ್ಪೆಲ್ಲ ತನ್ನ ಕೈಯದೇ ಅಂತ ಅಕ್ಕ ನಂಬಿಬಿಟ್ಟಿದ್ದಳು. ಅಡಿಗೆಮನೆಯಲ್ಲಿ ಲಟ್ಟಣಿಗೆ ಹಿಡಿದುಕೊಂಡು ಒಂದು, ಎರಡು, ಮೂರು, ನಾಲ್ಕು ಅಂತ ಅಭ್ಯಾಸ ಮಾಡುವುದನ್ನು ನಾನೇ ನೋಡಿದೆ.

ಆಮೇಲೆ ರೈಲ್ವೆ ಮೇಲ್ಸೇತುವೆಯ ಪ್ರಸಂಗ. ಬೆಳಗಿನ ಹೊತ್ತು, ವ್ಯಾನು ತುಂಬಾ ಜನ. ಏರಿನ ನಡುವೆ ಮುಂದಿದ್ದ ಲಾರಿ ನಿಧಾನ ಮಾಡಿತು. ಅಕ್ಕ ಮೂರರಿಂದ ಎರಡಕ್ಕೆ ಇಳಿಸಲು ಹೋದಳು, ಬಿದ್ದದ್ದು ನಾಲ್ಕಕ್ಕೆ. ವ್ಯಾನು ಮಲೇರಿಯಾ ಬಂದವರ ಹಾಗೆ ನಡುಗಿ ಆಫಾಯಿತು. ಮೊದಲನೆಯ ಗೇರು ಹುಡುಕುತ್ತಾಳೆ, ಸಿಗುತ್ತಿಲ್ಲ. ವ್ಯಾನು ಹಿಂದಕ್ಕೆ ಒಂದು ಮಾರು ಜಾರಿತು. ಹಿಂದಿದ್ದ ಬೈಕಿನವನು ಹಾರನ್ ಒತ್ತಿದವನು ಒತ್ತಿಯೇ ಇದ್ದ. ಗುಂಡಿ ಕಿರುಚಿದಳು. ಅಕ್ಕ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದಳು. ಯಾರಿಗೂ ಒಂದು ಗೀರು ಗಾಯ ಆಗಲಿಲ್ಲ. ಆದರೆ ನಾಲ್ಕನೇ ಪ್ರಯತ್ನಕ್ಕೆ ಗೇರು ಬಿದ್ದು ನಾವು ಶೆಡ್ಡು ಮುಟ್ಟುವಷ್ಟರಲ್ಲಿ ಗೇಟು ಹಾಕಿಯಾಗಿತ್ತು. ಎಲ್ಲರಿಗೂ ಅರ್ಧ ದಿನದ ಕೂಲಿ ಹೋಯಿತು. ಮಾರನೆಯ ದಿನ ಇಬ್ಬರು ಬೇರೆ ವ್ಯಾನಿಗೆ ಹೋದರು. ಹೋಗುವಾಗ, "ಬೇಜಾರು ಮಾಡ್ಕೋಬೇಡಕ್ಕ, ಮನೇಲಿ ಮಕ್ಕಳಿದಾವೆ" ಅಂದರು. ಅದಕ್ಕಿಂತ ಬೈದು ಹೋಗಿದ್ದರೇ ಚೆನ್ನಾಗಿತ್ತು.

ಆ ಶನಿವಾರ ಮಧ್ಯಾಹ್ನ ಅಕ್ಕ ನನ್ನನ್ನು ಜೊತೆಗೆ ಕರೆದುಕೊಂಡು ಗ್ಯಾರೇಜಿಗೆ ಹೋದಳು. ಅಲ್ಲಿನ ಮೇಸ್ತ್ರಿ ಕೆಲಸದ ಗಡಿಬಿಡಿಯಲ್ಲಿದ್ದ. ಬಾನೆಟ್ಟಿನ ಕಡೆಗೂ ನೋಡದೆ, "ಗೇರ್‌ಬಾಕ್ಸ್ ಹೋಗಿದೆ. ಇಳಿಸ್ಬೇಕು. ಇಷ್ಟು ಹಳೇ ಗಾಡಿಗೆ ಆ ಖರ್ಚು ಯಾಕಮ್ಮ, ಗುಜರಿಗೆ ಹಾಕಿ" ಅಂದ. ಅಕ್ಕ ಬಿಡಲಿಲ್ಲ, ಒಂದು ಸುತ್ತು ಓಡಿಸಿ ನೋಡಿ ಅಂದಳು. ಅವನು ಹತ್ತಿದ. ನಾವೂ ಹತ್ತಿದೆವು. ಬೀದಿಯ ತುದಿಯ ತಿರುವಿನಲ್ಲಿ ಮೇಸ್ತ್ರಿ ಎರಡನೆಯದಕ್ಕೆ ಎಳೆದ, ನಾಲ್ಕಕ್ಕೆ ಬಿತ್ತು. "ಥತ್!" ಅಂದ. ಮತ್ತೆ ಎಳೆದ, ಕರ್‌ರ್! ಇಪ್ಪತ್ತೈದು ವರ್ಷ ಗಾಡಿಗಳ ನಡುವೆ ಬೆಳೆದ ಗಂಡಸಿನ ಕೈ.

ನಾನು ಅಕ್ಕನ ಕಡೆ ನೋಡಿದೆ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆ ಅಂದುಕೊಂಡೆ. ಗ್ಯಾರೇಜು ದಾಟಿ ಬಂದಮೇಲೆ ಗೊತ್ತಾಯಿತು, ನಗುತ್ತಿದ್ದಳು.

"ಅವನಿಗೂ ಬೀಳ್ಲಿಲ್ಲ ಕಣೆ! ನೋಡಿದ್ಯಾ? ಅವನಿಗೂ ಬೀಳ್ಲಿಲ್ಲ!"

ದಾರಿಯುದ್ದಕ್ಕೂ ಒಂದೇ ಮಾತು ಅವಳದು. ಮೆಷಿನ್ನಿನಲ್ಲಿ ಹೊಲಿಗೆ ತಪ್ಪಿದರೆ ನಾವೇನು ಮಾಡುತ್ತೇವೆ? ಕೈಯನ್ನು ಬಯ್ಯುವ ಮೊದಲು ಸೂಜಿ ಬೆರಳಲ್ಲಿ ಹಿಡಿದು ಅಲ್ಲಾಡಿಸಿ ನೋಡುತ್ತೇವೆ. ಸೂಜಿ ಆಡುತ್ತಿದ್ದರೆ ಯಾವ ಬ್ರಹ್ಮ ಬಂದು ಹೊಲಿದರೂ ಹೊಲಿಗೆ ನೆಟ್ಟಗೆ ಬರುವುದಿಲ್ಲ. ಹಾಗಾದರೆ ಈ ಲಿವರಿಗೂ ಗೇರ್‌ಬಾಕ್ಸಿಗೂ ನಡುವೆ ಏನೋ ಇರಬೇಕಲ್ಲ? ಅದೇ ಆಡುತ್ತಿದ್ದರೆ?

ಭಾನುವಾರ ಬೆಳಿಗ್ಗೆ ಅದನ್ನು ನೋಡಿಯೇ ಬಿಡುವುದು ಅಂತ ನಿಂತಳು. ನಮ್ಮ ಮನೆಗಳ ಮುಂದೆ ಮಳೆನೀರಿನ ಅಗಲವಾದ ಚರಂಡಿ ಇದೆ. ಬೇಸಿಗೆಯಾದ್ದರಿಂದ ಒಣಗಿ ಸ್ವಚ್ಛವಾಗಿತ್ತು. ವ್ಯಾನನ್ನು ಅದರ ಮೇಲೆ, ಎರಡು ಕಡೆಯ ಚಕ್ರ ಎರಡು ದಡದ ಮೇಲೆ ಬರುವ ಹಾಗೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟಳು. ಈಗ ಚರಂಡಿಯೊಳಗೆ ಇಳಿದರೆ ವ್ಯಾನಿನ ಹೊಟ್ಟೆ ಕಣ್ಣಿನ ಮುಂದೆ. ಆದರೆ ಮೇಲೆ ಕೂತು ಲಿವರ್ ಆಡಿಸಲು ಒಬ್ಬರು ಬೇಕು. ನಾನು ಮುಂದೆ ಬಂದೆ. ಅಕ್ಕ ಕೈ ಅಡ್ಡ ಮಾಡಿದಳು. ಸ್ಟೂಲಿನ ಹತ್ತಿರ ಹೋಗಿ ನಿಂತಳು.

"ಬನ್ನಿ ರೀ, ಕೂತ್ಕೊಳ್ಳಿ."

ಭಾವ ಹತ್ತು ತಿಂಗಳಿಂದ ಆ ಸೀಟಿನ ಕಡೆ ತಿರುಗಿಯೂ ನೋಡಿರಲಿಲ್ಲ. "ನಾನು ಅಲ್ಲಿ ಕೂರಲ್ಲ" ಅಂದರು.

"ಓಡ್ಸೋಕೆ ಕರೀತಿಲ್ಲ. ಬರೀ ಗೇರು ಹಾಕೋಕೆ. ಮೇಲೂ ಕೆಳಗೂ ಇರೋಕೆ ನನಗೇನು ಎರಡು ಮೈ ಇದೆಯಾ?"

"ಅವಳಿದಾಳಲ್ಲ."

"ಅವಳಿಗೆ ಕಾಲರ್ ಗೊತ್ತು, ಗೇರ್ ಗೊತ್ತಾ?"

ಭಾವ ನನ್ನ ಮುಖ ನೋಡಿದರು. ನಾನು ಏನೂ ಗೊತ್ತಿಲ್ಲದವಳ ಹಾಗೆ ನಿಂತೆ. ನಟಿಸಬೇಕಾದ ಪ್ರಮೇಯವೇನೂ ಇರಲಿಲ್ಲ. ಅವರು ಎದ್ದರು. ಬಾಗಿಲು ಹಿಡಿದು, ಒಂದೊಂದೇ ಕಾಲು ಎತ್ತಿಟ್ಟು ಹತ್ತಿ ಕೂತರು. ಕೂತವರು ಸ್ವಲ್ಪ ಹೊತ್ತು ಸ್ಟೀರಿಂಗ್ ನೋಡುತ್ತಾ ಇದ್ದರು. ಆಮೇಲೆ ಬಲಗೈಯಿಂದ ಎಡಗೈಯನ್ನು ಎತ್ತಿ ಲಿವರಿನ ಮೇಲೆ ಇಟ್ಟುಕೊಂಡರು.

ಅಕ್ಕ ಚರಂಡಿಗೆ ಇಳಿದು ಟಾರ್ಚು ಹಾಕಿದಳು. "ಒಂದನೇದು ಹಾಕಿ!"

"ಹಾಕಿದೆ."

"ಎರಡು!"

ಸ್ವಲ್ಪ ಹೊತ್ತು ಹಿಡಿಯಿತು. "ಹಾಕಿದೆ."

"ಹಾಕಿದ್ರಾ? ನಿಜವಾಗ್ಲೂ?"

"ಹಾಕಿದೀನಿ ಅಂದ್ನಲ್ಲ!"

"ಇಲ್ಲಿ ಏನೂ ಆಗಿಲ್ಲ ರೀ!"

"ಏನೂ ಆಗಿಲ್ಲ ಅಂದ್ರೆ?"

"ಮೇಲೆ ನೀವು ಹಾಕಿದೀರಿ. ಕೆಳಗೆ ಅದಕ್ಕೆ ಸುದ್ದಿನೇ ಬಂದಿಲ್ಲ!"

ಅವಳು ನನ್ನನ್ನೂ ಕೆಳಗೆ ಕರೆದಳು. ಲಿವರಿನ ಬುಡದಿಂದ ಉದ್ದನೆಯ ಒಂದು ಕಬ್ಬಿಣದ ರಾಡು ಗೇರ್‌ಬಾಕ್ಸಿನವರೆಗೆ ಹೋಗಿತ್ತು. ಅದರ ಗಂಟುಗಳಲ್ಲಿ ಕಬ್ಬಿಣಕ್ಕೆ ಕಬ್ಬಿಣ ತಾಗದ ಹಾಗೆ ಒಂದೊಂದು ಪ್ಲಾಸ್ಟಿಕ್ ಬಳೆ ಇರಬೇಕು. ಅದಕ್ಕೆ ಬುಷ್ ಅನ್ನುತ್ತಾರೆ. ಅಲ್ಲಿ ಬಳೆ ಇರಲಿಲ್ಲ. ಒಣಗಿ ಒಡೆದು ರಸ್ಕಿನ ಪುಡಿಯ ಹಾಗೆ ಮೂಲೆಯಲ್ಲಿ ಅಂಟಿಕೊಂಡಿತ್ತು. ಭಾವ ಮೇಲೆ ಲಿವರನ್ನು ಒಂದು ಗೇಣು ಎಳೆದರೆ, ಅರ್ಧ ಬೆರಳಷ್ಟು ದೂರ ಗಂಟಿನ ಪಿನ್ನು ಖಾಲಿ ತೂತಿನಲ್ಲಿ ಓಡಾಡಿ, ಆಮೇಲಷ್ಟೇ ರಾಡು ಅಲುಗುತ್ತಿತ್ತು. ಗೇರ್‌ಬಾಕ್ಸ್ ಪಾಪ, ತನ್ನ ಪಾಡಿಗೆ ತಾನು ಸುಮ್ಮನೆ ಕೂತಿತ್ತು.

ಅಕ್ಕ ಮೇಲೆ ಬಂದು ಆ ಪುಡಿಯನ್ನು ಅಂಗೈಯಲ್ಲಿ ತೋರಿಸಿದಳು. ಭಾವ ತುಂಬಾ ಹೊತ್ತು ನೋಡಿದರು. ಬೆರಳಿನಿಂದ ಮುಟ್ಟಿದರು.

"ಇದು ಒಂದು ದಿನದ್ದಲ್ಲ," ಅಂದರು. "ವರ್ಷಗಟ್ಟಲೆ ಸವೆದಿದೆ. ಸ್ವಲ್ಪ ಸ್ವಲ್ಪವೇ. ನನ್ನ ಕೈ ಅದಕ್ಕೆ... ಹೊಂದಿಕೊಂಡು ಹೋಗಿದೆ. ನನಗೇ ಗೊತ್ತಾಗ್ಲಿಲ್ಲ." ಆಮೇಲೆ ತಲೆ ತಗ್ಗಿಸಿ, "ನೆಲವೇ ಡೊಂಕಿತ್ತು ಕಣೇ" ಅಂದರು.

ಅಕ್ಕ ಮುಖ ಒರೆಸಿಕೊಂಡಳು. ಕೈಯಲ್ಲಿದ್ದ ಕಪ್ಪು ಗ್ರೀಸು ಕೆನ್ನೆಗೆ ಹತ್ತಿತು, ನೋಡಿ ಭಾವ ನಕ್ಕರು. ಆ ಮನೆಯಲ್ಲಿ ನಗು ಕೇಳಿ ಎಷ್ಟು ದಿನವಾಗಿತ್ತೋ.

ಆದರೆ ಸೋಮವಾರಕ್ಕೆ ವ್ಯಾನು ಹೊರಡಬೇಕಿತ್ತು. ಅಕ್ಕ ತನಗೆ ತಿಳಿದ ವಿದ್ಯೆಯನ್ನೇ ಬಳಸಿದಳು. ಚೀಲ ಹೊಲಿಯುವ ದಪ್ಪ ಕ್ಯಾನ್ವಾಸಿನ ಪಟ್ಟಿ ಕತ್ತರಿಸಿ, ಪಿನ್ನಿಗೆ ಎರಡು ಸುತ್ತು ಸುತ್ತಿ, ಮೇಣದ ದಾರದಿಂದ ಹೊಲಿದು ಬಿಗಿದು ಕೂರಿಸಿದಳು. ಸೋಮವಾರ ಬೆಳಿಗ್ಗೆ ಎರಡನೆಯ ಗೇರು ಟಕ್ ಅಂತ ಬಿತ್ತು. ಗುಂಡಿ ಹಿಂದಿನಿಂದ, "ಏನಕ್ಕ, ಅತ್ತೆ ಒಳ್ಳೆಯವಳಾಗಿಬಿಟ್ಟಳಾ?" ಅಂದಳು. ಬುಧವಾರದ ಹೊತ್ತಿಗೆ ಬಟ್ಟೆ ಸವೆದು ಅತ್ತೆ ಮತ್ತೆ ಮೊದಲಿನಂತಾದಳು. ಅಡ್ಡಿಯಿಲ್ಲ, ರೋಗ ಯಾವುದು ಅಂತ ಗೊತ್ತಾಗಿತ್ತಲ್ಲ.

ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿದರೆ ಆ ವ್ಯಾನಿನ ಬುಷ್ ಈಗ ಬರುವುದೇ ಇಲ್ಲ ಅಂದರು. ಒಬ್ಬ ಅಂಗಡಿಯವನು, ಲೇತಿನಲ್ಲಿ ಮಾಡಿಸಿಕೊಳ್ಳಿ ಅಂತ ದಾರಿ ಹೇಳಿದ. ಲೇತ್ ನಡೆಸುವ ಅಜ್ಜನೊಬ್ಬನದು ಮರದ ಮಂಡಿಯ ಹಿಂದೆ ತಗಡಿನ ಕೋಣೆ. ಒಂದು ಮೆಷಿನ್ನು, ಒಂದು ಕುರ್ಚಿ, ನೆಲದ ತುಂಬಾ ಗುಂಗುರು ಗುಂಗುರಾಗಿ ಬಿದ್ದ ಲೋಹದ ಸಿಪ್ಪೆ. ಅಜ್ಜ ಕನ್ನಡಕ ಹಣೆಗೇರಿಸಿ ಕೇಳಿದ, "ಸ್ಯಾಂಪಲ್ ತಂದಿದೀಯಾ?"

ಅಕ್ಕ ಕಾಗದದ ಪೊಟ್ಟಣ ಬಿಚ್ಚಿದಳು.

"ಇದು ಬುಷ್ ಅಲ್ಲ ಕಣಮ್ಮ, ಬುಷ್ಷಿನ ಅಸ್ಥಿ."

"ಅಳತೆ ತಂದಿದೀನಿ ಅಜ್ಜ." ಅಂತ ಎರಡು ದಾರ ತೆಗೆದು ಮೇಜಿನ ಮೇಲೆ ಇಟ್ಟಳು. ಪಿನ್ನಿನ ಸುತ್ತಳತೆ ಒಂದು, ತೂತಿನದು ಒಂದು, ಎರಡಕ್ಕೂ ಗಂಟಿನ ಗುರುತು.

ಅಜ್ಜ ಆ ದಾರಗಳನ್ನು ಬೆಳಕಿಗೆ ಹಿಡಿದು ನೋಡಿದ. "ದರ್ಜಿ ಕೆಲಸದವಳಾ? ದಾರದ ಅಳತೆ ಬಟ್ಟೆಗೆ ಸರಿ. ಕಬ್ಬಿಣ ಅಷ್ಟು ಕ್ಷಮಿಸಲ್ಲಮ್ಮ. ರಾಡನ್ನೇ ಬಿಚ್ಚಿಕೊಂಡು ಬಾ."

ಮುಂದಿನ ಭಾನುವಾರ ರಾಡು ಬಿಚ್ಚಿ, ಹೊಸ ಮಗುವಿನ ಹಾಗೆ ಬಟ್ಟೆಯಲ್ಲಿ ಸುತ್ತಿಕೊಂಡು ಹೋದೆವು. ಅಜ್ಜ ನಮಗಾಗಿ ರಜೆಯ ದಿನವೂ ಬಾಗಿಲು ತೆಗೆದಿದ್ದ. ಬಿಳಿಯ ನೈಲಾನ್ ಕೋಲನ್ನು ಮೆಷಿನ್ನಿಗೆ ಕೊಟ್ಟ. ತೆಂಗಿನ ತುರಿಯ ಹಾಗೆ ಬಿಳಿ ಎಳೆಗಳು ಸುರಿದವು. ಮೂರು ಬುಷ್ ಆದವು. ಪಿನ್ನಿಗೆ ಹಾಕಿ ನೋಡಿದರೆ ಬಿಗಿ; ರಾಡು ತಿರುಗುವುದೇ ಇಲ್ಲ. "ಸಡಿಲ ಆದ್ರೂ ಕಷ್ಟ, ಬಿಗಿ ಆದ್ರೂ ಕಷ್ಟ," ಅಂತ ಗೊಣಗುತ್ತಾ ಕೂದಲೆಳೆಯಷ್ಟು ಮತ್ತೆ ಕೆರೆದ. ಈಗ ಬೆರಳಿನಿಂದ ಒತ್ತಿದರೆ ಸರಿಯಾಗಿ ಕೂತಿತು, ನುಣ್ಣಗೆ ತಿರುಗಿತು, ಅತ್ತಿತ್ತ ಮಾತ್ರ ಅಲುಗಲಿಲ್ಲ.

ಮನೆಗೆ ಬಂದು ಅಕ್ಕ ಚರಂಡಿಗೆ ಇಳಿದಳು. ಗ್ರೀಸು ಹಚ್ಚಿ ರಾಡು ಜೋಡಿಸಿ, ಅದರ ಎರಡು ತುಂಡನ್ನು ನಡುವೆ ಬಿಗಿಹಿಡಿಯುವ ಕ್ಲಾಂಪಿನ ಬೋಲ್ಟು ಬಿಗಿದಳು. ಮೇಲೆ ಬಂದು ಎಂಜಿನ್ ಶುರು ಮಾಡಿ, ಕ್ಲಚ್ಚು ಒತ್ತಿ ಒಂದೊಂದೇ ಗೇರು ಹಾಕಿ ನೋಡಿದಳು. ಒಂದು, ಎರಡು, ಮೂರು, ನಾಲ್ಕು, ಎಲ್ಲವೂ ಬಿದ್ದವು. ರಿವರ್ಸ್ ಮಾತ್ರ ಮಾಯ! ಎಷ್ಟು ತಳ್ಳಿದರೂ ಅದರ ಜಾಗವೇ ಸಿಗಲಿಲ್ಲ. ಎದುರಿಗೆ ಹತ್ತು ಅಡಿಯಲ್ಲಿ, ಚರಂಡಿ ತಿರುಗುವ ಕಡೆ, ನಮ್ಮ ಮನೆಯ ಕಾಂಪೌಂಡು ಗೋಡೆ. ಹಿಂದಕ್ಕೆ ಹೋಗದ ವ್ಯಾನು ಇನ್ನೆಲ್ಲಿಗೆ ಹೋಗಬೇಕು? ಅಕ್ಕ ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಕೂತುಬಿಟ್ಟಳು.

ಆಗ ಭಾವ ಸ್ಟೂಲಿನಿಂದ ಎದ್ದು ಬಂದರು. ಯಾರೂ ಕರೆದಿರಲಿಲ್ಲ.

"ಎಂಜಿನ್ ಆಫ್ ಮಾಡಿ ಇಳಿ. ನೀನು ಬಿಗಿದಾಗ ಲಿವರ್ ವಾರೆ ಇತ್ತು. ಮೇಲೆ ಲಿವರ್ರೂ ನ್ಯೂಟ್ರಲ್ಲಲ್ಲಿ ನೆಟ್ಟಗಿರ್ಬೇಕು, ಕೆಳಗೆ ಗೇರ್‌ಬಾಕ್ಸೂ ನ್ಯೂಟ್ರಲ್ಲಲ್ಲಿರ್ಬೇಕು. ಆವಾಗ ಬಿಗೀಬೇಕು. ಬೋಲ್ಟ್ ಸಡ್ಲ ಮಾಡು. ಲಿವರ್ ನಾನು ಹಿಡ್ಕೋತೀನಿ."

ಹತ್ತಿ ಕೂತರು. ಬಲಗೈಯಿಂದ ಹಿಡಿಯುತ್ತಾರೆ ಅಂದುಕೊಂಡೆ. ಇಲ್ಲ. ಎಡಗೈಯನ್ನೇ ಇಟ್ಟರು, ಬಲಗೈ ತೊಡೆಯ ಮೇಲೆ ಇತ್ತು. ನಾನು ಪಕ್ಕದ ಕಿಟಕಿಯಲ್ಲಿ ನಿಂತಿದ್ದೆ. ಬೆರಳುಗಳು ಗುಬಟಿನ ಸುತ್ತ ಒಂದೊಂದಾಗಿ ಮಡಚಿಕೊಂಡವು, ಕಿರುಬೆರಳು ಎಲ್ಲಕ್ಕಿಂತ ಕೊನೆಗೆ. ಮುಂಗೈ ನಡುಗುತ್ತಿತ್ತು, ಲಿವರ್ ಮಾತ್ರ ನೆಟ್ಟಗಿತ್ತು.

"ಹಿಡ್ಕೊಂಡಿದೀರಾ?" ಕೆಳಗಿನಿಂದ ಅಕ್ಕ.

"ಹೂಂ."

"ಬಿಡ್ಬೇಡಿ, ಇನ್ನೊಂದು ಸುತ್ತು ಇದೆ."

"ಬಿಡಲ್ಲ. ನೀನು ನಿಧಾನಕ್ಕೆ ಮಾಡು."

ಅವರ ಹಣೆಯಲ್ಲಿ ಬೆವರು ಇಳಿಯಿತು. ಸಹಾಯ ಮಾಡಲಾ ಅಂತ ನನ್ನ ಬಾಯಿಗೆ ಬಂದದ್ದನ್ನು ಹಾಗೇ ನುಂಗಿಕೊಂಡೆ. ಸ್ಪಾನರು ಕಳಚಿದ ಸದ್ದು ಕೇಳಿದಮೇಲೆಯೇ ಅವರು ಕೈ ತೆಗೆದದ್ದು. ಆಸ್ಪತ್ರೆಯಲ್ಲಿ ಕೊಟ್ಟ ರಬ್ಬರ್ ಚೆಂಡನ್ನು ಹತ್ತು ಸಲ ಒತ್ತಿ ಅಂದರೆ ಎರಡಕ್ಕೇ ಎಸೆಯುತ್ತಿದ್ದ ಕೈ ಅದು.

ಎಲ್ಲ ಗೇರೂ ಬಿದ್ದವು, ರಿವರ್ಸ್ ಸೇರಿ. ಅಕ್ಕ ವ್ಯಾನನ್ನು ಹಿಂದಕ್ಕೆ ತೆಗೆದು, ಭಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿಬಂದಳು. ನನ್ನನ್ನು ಕರೆಯಲಿಲ್ಲ, ನಾನೂ ಹೋಗಲಿಲ್ಲ.

ಸೋಮವಾರ ಮೇಲ್ಸೇತುವೆಯ ಏರಿನಲ್ಲಿ ಮುಂದೆ ಬಸ್ಸೊಂದು ನಿಂತೂ ನಿಲ್ಲದ ಹಾಗೆ ತೆವಳುತ್ತಿತ್ತು. ಗುಂಡಿ ಮುಂದಿನ ಸೀಟಿನ ಬೆನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಕ್ಕ ಮೂರರಿಂದ ಎರಡಕ್ಕೆ ಎರಡೇ ಬೆರಳಿನಿಂದ ಎಳೆದಳು. ಮಣಿಕಟ್ಟು ತಿರುವಲಿಲ್ಲ, ಲಿವರಿನ ಕಡೆ ನೋಡಲೂ ಇಲ್ಲ. ಬಿತ್ತು. ವ್ಯಾನು ಗುಂಯ್ ಅಂತ ಏರು ಹತ್ತಿತು. ಸೇತುವೆಯ ತುದಿಯಲ್ಲಿ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟದ್ದು ಕೇಳಿಸಿತು.

ಬೇರೆ ವ್ಯಾನಿಗೆ ಹೋಗಿದ್ದವರಲ್ಲಿ ಒಬ್ಬಳು ತಿಂಗಳೊಳಗೆ ವಾಪಸ್ಸು ಬಂದಳು. ಇನ್ನೊಬ್ಬಳು ಬರಲಿಲ್ಲ, ಆ ವ್ಯಾನು ಅವಳ ಮನೆ ಬಾಗಿಲಿಗೇ ಬರುತ್ತದಂತೆ. ಅವಳ ಜಾಗಕ್ಕೆ ಇಸ್ತ್ರಿ ವಿಭಾಗದವಳೊಬ್ಬಳು ಸೇರಿದಳು.

ಲೇತ್ ಅಜ್ಜ ಸುಮ್ಮನಿರುವ ಆಸಾಮಿಯಲ್ಲ. ತರಕಾರಿ ಸಾಗಿಸುವವನೊಬ್ಬ ಅದೇ ಕಾಲದ ವ್ಯಾನಿಟ್ಟುಕೊಂಡು, ಅದೇ ಗೇರಿನ ಗೋಳು ಹೇಳಿಕೊಂಡು ಬಂದನಂತೆ. ಅಜ್ಜ, "ಗೇರ್‌ಬಾಕ್ಸ್ ಇಳಿಸೋ ಮೊದಲು ಆ ಹೊಲಿಗೆಯಮ್ಮನ ಹತ್ರ ಹೋಗು" ಅಂತ ನಮ್ಮ ಬೀದಿಯ ಗುರುತು ಹೇಳಿ ಕಳಿಸಿದ. ಭಾನುವಾರ ಬೆಳಿಗ್ಗೆ ಅವನ ವ್ಯಾನು ಚರಂಡಿಯ ಮೇಲೆ ನಿಂತಿತು. ಅಕ್ಕ ಹಳೆಯ ನೈಟಿಯ ಮೇಲೆ ಭಾವನ ಅಂಗಿ ತೊಟ್ಟು ಕೆಳಗಿಳಿದಳು. ಭಾವ ಡ್ರೈವರ್ ಸೀಟಿನಲ್ಲಿ ಕೂತು, "ಕಲ್ಲು ಕೊಟ್ಟಿದೀಯಾ? ನಾಲ್ಕಕ್ಕೂ?" ಅಂತ ಕೇಳಿದರು.

"ಕೊಟ್ಟಿದೀನಿ."

"ಇನ್ನೊಂದು ಸಲ ನೋಡು."

ತರಕಾರಿಯವನು ಅರ್ಥವಾಗದೆ ನನ್ನ ಕಡೆ ತಿರುಗಿದ. "ಮೇಸ್ತ್ರಿ ಯಾರು ಇಲ್ಲಿ?" ಅಂತ ಪಿಸುಗುಟ್ಟಿದ.

ಮೇಲಿಂದ ಒಂದನೇದು ಹಾಕಿದೆ ಅಂತ ಭಾವ ಕೂಗಿದರು, ಕೆಳಗಿಂದ ಕಂಡಿತು ಕಂಡಿತು ಅಂತ ಅಕ್ಕ ಕೂಗಿದಳು. ಅವನಿಗೆ ಕೂರಲು ಸ್ಟೂಲು ಕೊಟ್ಟು, ಟೀ ಇಡಲು ನಾನು ಒಳಗೆ ಹೋದೆ.